ಅಕ್ಕನನ್ನು ನೋಡಿ ಹೋಗಲು ಬಂದವರು

ಆ ಶನಿವಾರ ಕುಷ್ಟಗಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬೆಳಗಿನ ಶಾಲೆ ಮುಗಿಸಿ ಕೊಪ್ಪಳದ ಬಸ್ಸು ಹತ್ತಿದಾಗ ನನ್ನ ಮನಸ್ಸು ಹಗುರವಾಗಿಯೇ ಇತ್ತು. ಅಕ್ಕನ ಎಡ ಸ್ತನದಲ್ಲಿ ಗಡ್ಡೆ ಸಿಕ್ಕಿ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸಿ, ಅದು ಕ್ಯಾನ್ಸರ್ ಎಂದು ಖಾತ್ರಿಯಾಗಿ ಎರಡು ವಾರವಾಗಿತ್ತು. ಮೊದಮೊದಲಿನ ಅಳು ಮುಗಿದಿತ್ತು. ಗಡ್ಡೆ ಇನ್ನೂ ಸಣ್ಣದಿದೆ, ಬೇಗ ಬಂದಿದ್ದೀರಿ, ಆಪರೇಷನ್ ಮಾಡಿ ತೆಗೆಯೋಣ ಎಂದು ಕೊಪ್ಪಳದ ಡಾಕ್ಟರ್ ಮೇಡಂ ಧೈರ್ಯ ಹೇಳಿದ್ದರು. ಮುಂದಿನ ಗುರುವಾರ ದಾಖಲಾಗಬೇಕಿತ್ತು. ಎರಡು ದಿನ ಅವಳ ಜೊತೆಗಿದ್ದು, ಆಸ್ಪತ್ರೆಗೆ ಬೇಕಾದ ಬಟ್ಟೆಬರೆ ಕಟ್ಟಿಕೊಟ್ಟು ಬರೋಣವೆಂದು ನಾನು ಹೊರಟಿದ್ದೆ.

ಅಕ್ಕನ ಮನೆ ಇರುವುದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. ಆಟೊ ಇಳಿದು ನೋಡಿದರೆ ಬಾಗಿಲ ಮುಂದೆ ಹತ್ತು ಹದಿನೈದು ಜೊತೆ ಚಪ್ಪಲಿ. ಓಡಿ ಒಳಗೆ ಹೋದೆ. ಅಕ್ಕ ನಡುಮನೆಯಲ್ಲಿ ತಾಟು ಹಿಡಿದುಕೊಂಡು ಬಂದವರಿಗೆಲ್ಲ ಚಹಾ ಕೊಡುತ್ತಿದ್ದಳು.

ಬಂದವರು ಮಾವನ ಕಡೆಯ ಬೀಗರು. ಅಕ್ಕನ ಗಂಡನನ್ನು ನಾನು ಮಾವ ಎಂದೇ ಕರೆಯುವುದು. ಯಲಬುರ್ಗಾದಿಂದ ಬಂದಿದ್ದ ಮಾವನ ಸೋದರತ್ತೆ, ಎಪ್ಪತ್ತು ದಾಟಿದ ಮುದುಕಿ, ಚಹಾದ ಕಪ್ಪು ಇಸಿದುಕೊಳ್ಳುವ ಬದಲು ಅಕ್ಕನ ಮುಂಗೈಯನ್ನೇ ಹಿಡಿದುಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಿನ್ನ ಕೈಯಾಗಿನ ಚಾ ಕುಡಿಯೂ ಋಣ ಇಷ್ಟ ಇತ್ತೇನವಾ ನಮಗ..."

ಅಕ್ಕ ಅವಳ ಮುಖವನ್ನೇ ನೋಡಿದಳು. "ಆರಿ ಹೊಕ್ಕೈತಿ, ಮೊದಲ ಕುಡೀರಿ," ಎಂದು ಕೈ ಬಿಡಿಸಿಕೊಂಡು ಮುಂದಿನವರ ಕಡೆ ಹೋದಳು. ಅವರೂ ಅಳುತ್ತಿದ್ದರು. ಇಡೀ ಕೋಣೆ ಅಳುತ್ತಿತ್ತು. ಅಳದೆ ಇದ್ದವಳು ಅಕ್ಕ ಒಬ್ಬಳೇ.

ಅಕ್ಕನ ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಹತ್ತೊಂಬತ್ತು ವರ್ಷದವಳು, ಕೊಪ್ಪಳದಲ್ಲಿ ಬಿಎಸ್ಸಿ ಎರಡನೆಯ ವರ್ಷ ಓದುತ್ತಿದ್ದಳು.

"ಚಿಗವ್ವಾ, ಅವ್ವಗ ಆಪರೇಷನ್ ಮಾಡ್ಸಂಗಿಲ್ಲಂತ. ಮೈಯಾಗೆಲ್ಲಾ ಹಬ್ಬೇತಂತ. ರಕ್ತದಾಗ ಬಂದೈತಂತ. ಅಪ್ಪ ಎಲ್ಲಾರಿಗೂ ಫೋನ್ ಮಾಡಿ ಹೇಳ್ಯಾನ, ಬಂದು ನೋಡಿ ಹೋಗ್ರಿ ಅಂತ."

"ನನಗ ಯಾಕ ಮಾಡ್ಲಿಲ್ಲ?"

"ನೀ ಜಗಳ ತಗೀತೀ ಅಂತ."

ಅವಳ ಬಾಯಲ್ಲಿ ಇನ್ನೂ ಏನೋ ಉಳಿದಿತ್ತು. ಒತ್ತಾಯ ಮಾಡಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ನಾಳೆ ನನ್ನ ನೋಡಾಕ ಬರ್ತಾರಂತ. ಅವ್ವ ಕಣ್ಣಾರೆ ನೋಡ್ಲಿ ಅಂತ ಹದಿನೈದು ದಿನದಾಗ ಮದುವಿ ಮುಗಸ್ತಾರಂತ. ಅಮ್ಮ ಮತ್ತ ಅಪ್ಪ ಕೂಡಿ ಮಾತಾಡ್ಯಾರ." ಅಮ್ಮ ಎಂದರೆ ಅವಳ ಅಜ್ಜಿ, ಅಕ್ಕನ ಅತ್ತೆ.

ನಾನು ಹಿತ್ತಲಿಗೆ ಹೋದೆ. ಮಾವ ಅಲ್ಲಿ ಕೂದಲಿನ ಚೀಲಗಳ ಮೇಲೆ ತಲೆ ಹಿಡಿದು ಕುಳಿತಿದ್ದ. ಭಾಗ್ಯನಗರದಲ್ಲಿ ಕೂದಲಿನ ಕೆಲಸ ಮನೆಮನೆಯದು. ಊರೂರುಗಳಿಂದ ಬಂದ ಹೆಂಗಸರ ಉದುರುಗೂದಲನ್ನು ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸಿ, ಕಟ್ಟು ಕಟ್ಟಿ ವಿಗ್ ಮಾಡಲು ಪರದೇಶಕ್ಕೆ ಕಳಿಸುತ್ತಾರೆ. ಅಕ್ಕ ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು. ಗಡ್ಡೆ ಗೊತ್ತಾದದ್ದೂ ಹಾಗೆಯೇ. ದಿನವಿಡೀ ಕೂದಲು ಬಾಚಿ ತೋಳು ನೋಯುತ್ತಿದೆ ಎಂದು ಎಣ್ಣೆ ಹಚ್ಚಿಕೊಳ್ಳುವಾಗ ಬೆರಳಿಗೆ ಸಿಕ್ಕಿತ್ತು.

ಮಾವ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಕೊಪ್ಪಳದ ಮೇಡಂ ಆಪರೇಷನ್ನಿಗೆ ಮೊದಲು ಮಾಡಿಸಬೇಕಾದ ರಕ್ತಪರೀಕ್ಷೆಗಳ ಚೀಟಿ ಬರೆದುಕೊಟ್ಟಿದ್ದರು. ಅದರಲ್ಲಿ ಒಂದನ್ನು ಹೊರಗಿನ ಪರೀಕ್ಷಾಲಯದಲ್ಲಿ ಮಾಡಿಸಬೇಕಿತ್ತು. ಅದಕ್ಕೆ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಗಡ್ಡೆ ರಕ್ತಕ್ಕೆ ಬಿಡುವ ಒಂದು ಪದಾರ್ಥವನ್ನು ಅಳೆಯುವ ಪರೀಕ್ಷೆ. ಮಾವ ತನಗೆ ಪರಿಚಯದ ಊರೆಂದು ಅಕ್ಕನನ್ನು ಗಂಗಾವತಿಗೆ ಕರೆದುಕೊಂಡು ಹೋಗಿ ಮಾಡಿಸಿದ. ವರದಿ ಕೈಗೆ ಬಂದಾಗ ಒಂದು ಸಂಖ್ಯೆಯ ಕೆಳಗೆ ದಪ್ಪ ಗೆರೆ ಇತ್ತು. ಮೂವತ್ತರ ಆಸುಪಾಸಿನಲ್ಲಿ ಇರಬೇಕಾದದ್ದು ಅರವತ್ತೆಂಟು. ಗಾಬರಿಯಾಗಿ ಗಿರಣಿಯ ಹತ್ತಿರದ ಡಾಕ್ಟರಿಗೆ ತೋರಿಸಿದ. ಗಿರಣಿ ಮಂದಿಯ ಕೆಮ್ಮು ಜ್ವರಕ್ಕೆಲ್ಲ ಅವರೇ ಗತಿ.

"ಏನಂದ್ರು ಅವರು?" ಎಂದು ಕೇಳಿದೆ.

"ಲಿವರಿಗೆ, ಎಲುವಿಗೆ ಹೋಗೇತಿ ಅಂದ್ರು. ಈಗ ಕೊಯ್ದ್ರ ಸುಮ್ಮನ ತ್ರಾಸ ಕೊಟ್ಟಂಗ. ಮನಿಗೆ ಕರಕೊಂಡು ಹೋಗ್ರಿ, ಬೇಕಾದ್ದು ಉಣ್ಣಾಕ ಮಾಡಿ ಹಾಕ್ರಿ ಅಂದ್ರು."

"ಸ್ಕ್ಯಾನ್ ಮಾಡ್ಯಾರೇನು? ಲಿವರ್ ನೋಡ್ಯಾರೇನು? ಎಲುವು ನೋಡ್ಯಾರೇನು?"

"ರಕ್ತ ನೋಡ್ಯಾರಲ್ಲ. ರಕ್ತ ಸುಳ್ಳು ಹೇಳ್ತೈತೇನು?"

"ಅಕ್ಕನ್ನ ಮುಟ್ಟಿ ನೋಡಿದ್ರೇನು?"

ಮಾವ ಚೀಲದ ಬಾಯಿಯ ದಾರ ಬಿಗಿಯತೊಡಗಿದ. ಆಮೇಲೆ ಗೊತ್ತಾಯಿತು, ಅಕ್ಕ ಆ ಹೊತ್ತು ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳಂತೆ. ಒಂದು ಹೆಣ್ಣುಜೀವದ ಲೆಕ್ಕ ಮುಗಿಯಿತೆಂದು ಹೇಳುವವರಿಗೆ ಅವಳ ಮುಖ ನೋಡುವ ಅಗತ್ಯವೂ ಕಂಡಿರಲಿಲ್ಲ. ಹಾಳೆಯ ತಲೆಯ ಮೇಲೆ ನಲವತ್ತೆಂಟು ವರ್ಷ ಎಂದು ಅವಳ ವಯಸ್ಸು ಇತ್ತು, ಕೆಳಗೆ ಒಂದು ಸಂಖ್ಯೆ ಇತ್ತು, ಅಷ್ಟು ಸಾಕಾಗಿತ್ತು.

ನಾನು ದನಿ ಏರಿಸಿದ್ದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ಹೆಂಡತಿ ಉಸಿರಾಡುತ್ತಿರುವಾಗಲೇ ಊರಿಗೆಲ್ಲ ಸುದ್ದಿ ಮುಟ್ಟಿಸಿದಿರಿ ಎಂದದ್ದು ನೆನಪಿದೆ. ಮಾವ ಗಟ್ಟಿಯಾಗಿ ಅಳತೊಡಗಿದ. ಅವನು ಕೆಟ್ಟವನಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಇವನು ಹೆಂಡತಿಯ ಮೇಲೆ ಜೀವ ಇಟ್ಟುಕೊಂಡವನು. ಆದರೂ ಮೊದಲು ನೋಡಿದ ಡಾಕ್ಟರ ಬಳಿ ಮರಳಿ ಹೋಗಿ ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅತ್ತು, ಫೋನು ಮಾಡಿ, ಮಗಳಿಗೆ ಗಂಡು ಹುಡುಕಿದ.

ಗದ್ದಲ ಕೇಳಿ ಅಕ್ಕ ಹಿತ್ತಲ ಬಾಗಿಲಿಗೆ ಬಂದಳು. ಹಿಂದೆ ಅವಳ ಅತ್ತೆ.

"ಏನ್ ನಡದೈತಿ? ನನಗೂ ಒಬ್ಬರು ಹೇಳ್ರಿ," ಎಂದಳು ಅಕ್ಕ. "ನಿನ್ನೆಯಿಂದ ನೋಡಾಕತ್ತೀನಿ, ಬಂದವರೆಲ್ಲ ಅಳತಾರ, ಚಾ ಕುಡೀತಾರ, ಹೋಗ್ತಾರ. ನಾ ಏನು ಕುಡ್ಡಿ ಅದೀನೇನು?"

ಅವಳಿಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. ಗಂಗಾವತಿಯಲ್ಲಿ ಏನಂದರು ಎನ್ನುವುದನ್ನು ಅವಳು ನಿಂತಲ್ಲೇ ನಿಂತು ಕೇಳಿದಳು. ಮಗಳ ಮದುವೆಯ ಮಾತು ಬಂದಾಗ ಮಾತ್ರ ತಟ್ಟನೆ ಅತ್ತೆಯ ಕಡೆ ತಿರುಗಿದಳು.

"ಖರೇನೇನ್ರಿ?"

"ನಿನ್ನ ಕಣ್ಣ ಮುಂದ ಒಂದು ಛಲೋ ಕೆಲಸ ಆಗ್ಲಿ ಅಂತ ನಮ್ಮವ್ವಾ..." ಎಂದು ಅತ್ತೆ ತೊದಲಿದಳು.

"ನಾ ಸಾಯೂದು ಇರ್ಲಿ ಅತ್ತಿ. ಅದು ಯಾರ ಕೈಯಾಗೂ ಇಲ್ಲ. ನಾ ಸಾಯ್ತೀನಂತ ನನ್ನ ಮಗಳ ಓದು ಯಾಕ ಸಾಯ್ಬೇಕು? ನಾಳೆ ಬರೂ ಮಂದಿಗೆ ಫೋನ್ ಮಾಡಿ ಬರಬ್ಯಾಡ್ರಿ ಅನ್ರಿ. ನೀವು ಮಾಡ್ತೀರೋ, ನಾನ ಮಾಡ್ಲ್ಯೋ?"

ಅತ್ತೆಯೇ ಮಾಡಿದಳು. ಅಕ್ಕ ಪಕ್ಕದಲ್ಲೇ ನಿಂತು ಮಾಡಿಸಿದಳು. ಆಮೇಲೆ ನಡುಮನೆಗೆ ಹೋಗಿ ಬೀಗರಿಗೆಲ್ಲ ಕೈ ಮುಗಿದು, "ಬಂದದ್ದು ಛಲೋ ಆತು, ಹೊತ್ತಾಗೂಕಿಂತ ಮುಂಚೆ ಊರು ಮುಟ್ಟ್ರಿ," ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡುತ್ತ ಎದ್ದರು. ಸಾಯುವವಳು ಹೀಗೆ ಮಾತಾಡಬಾರದಿತ್ತು ಎನ್ನುವಂತೆ ಇತ್ತು ಅವರ ನೋಟ.

ಸೋಮವಾರ ರಜೆ ಹಾಕಿ ಅಕ್ಕನನ್ನೂ ಮಾವನನ್ನೂ ಕರೆದುಕೊಂಡು ಕೊಪ್ಪಳದ ಆಸ್ಪತ್ರೆಗೆ ಹೋದೆ. ಮೇಡಂ ವರದಿಯನ್ನು ಓದಿದರು, ಗಂಗಾವತಿಯ ಡಾಕ್ಟರ ಚೀಟಿಯನ್ನೂ ಓದಿದರು. ಚೀಟಿಯಲ್ಲಿ ಇದ್ದದ್ದು ಇಂಗ್ಲಿಷಿನ ಒಂದೇ ಸಾಲು: ಕಾಯಿಲೆ ಹಬ್ಬಿದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇದನ್ನ ನೋಡಿ ಯಾರು ಹಿಂಗ ಬರದ್ರು? ನಾ ಈ ಟೆಸ್ಟ್ ಬರದದ್ದು ಆಪರೇಷನ್‌ಗಿಂತ ಮೊದಲಿನ ಒಂದು ಅಂಕಿ ಕೈಯಾಗ ಇರ್ಲಿ ಅಂತ, ಮುಂದ ಹೋಲಿಸಿ ನೋಡಾಕ ಬರ್ತೈತಿ ಅಂತ. ಏರಿತ್ತಂದ್ರ ಸ್ಕ್ಯಾನ್ ಮಾಡಿ ಹುಡುಕ್ಬೇಕು. ಆಪರೇಷನ್ ಬಿಡ್ರಿ ಅಂತ ಈ ಒಂದು ಹಾಳಿ ಹೇಳಂಗಿಲ್ಲ."

"ಹಂಗಾರ ಹಬ್ಬಿಲ್ಲೇನ್ರಿ?" ಎಂದು ಮಾವ ಕೇಳಿದ.

"ಹಬ್ಬಿಲ್ಲ ಅಂತ ನಾ ಹೇಳಿಲ್ಲ. ನನಗ ಗೊತ್ತಿಲ್ಲ ಅಂತ ಹೇಳಾಕತ್ತೀನಿ. ಅವರಿಗೂ ಗೊತ್ತಿರಲಿಲ್ಲ. ನೋಡ್ರಿ, ಮನಿ ಮುಂದ ನಾಯಿ ಬೊಗಳಿತು ಅಂದ್ರ ಕಳ್ಳ ಬಂದಿರಬಹುದು, ಬೀಗರು ಬಂದಿರಬಹುದು. ಎದ್ದು ಹೋಗಿ ನೋಡ್ಬೇಕಲ್ಲ? ಇನ್ನೊಂದು ಕಡಿ ಕಳ್ಳ ಒಳಗ ಬಂದ್ರೂ ಬೊಗಳದ ನಾಯಿ ಇರ್ತಾವ. ಗಡ್ಡಿ ಇದ್ದೂ ಈ ಅಂಕಿ ಏರದವರನ್ನ ನಾ ದಿನಾ ನೋಡ್ತೀನಿ."

ನಂತರ ಅವರು ಅಕ್ಕನ ಕಡೆ ತಿರುಗಿ ಕೆಳರೆಪ್ಪೆ ಎಳೆದು ಕಣ್ಣು ನೋಡಿದರು. ಈಚೆಗೆ ಕಾಮಾಲೆ ಏನಾದರೂ ಆಗಿತ್ತೇ ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಗಡ್ಡೆ ಸಿಗುವುದಕ್ಕೆ ಒಂದು ತಿಂಗಳು ಮೊದಲು ಅವಳಿಗೆ ಕಾಮಾಲೆ ಆಗಿತ್ತು. ಹುಲಿಹೈದರ ಎಂಬ ಊರಿಗೆ ಹೋಗಿ ನಾಟಿ ವೈದ್ಯರ ಸೊಪ್ಪಿನ ಔಷಧಿ ಕುಡಿದು ಬಂದಿದ್ದಳು. ಕಣ್ಣು ಬೆಳ್ಳಗಾದವು, ಹಸಿವೆ ಬಂತು, ಗುಣವಾಯಿತೆಂದು ಮರೆತುಬಿಟ್ಟೆವು. ಹೇಳಿದರೆ ಸೊಪ್ಪು ಕುಡಿದದ್ದಕ್ಕೆ ಬೈಯುತ್ತಾರೆಂದು ಆಸ್ಪತ್ರೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡಬೇಡ ಎಂದವಳು ನಾನೇ.

"ಲಿವರ್ ಬಾತಿದ್ರೂ ಈ ಅಂಕಿ ಏರ್ತೈತಿ," ಎಂದರು ಮೇಡಂ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದರೆ ನನ್ನೊಳಗಿನ ಸಿಟ್ಟು ಯಾರ ಮೇಲಾದರೂ ತಿರುಗಲೇಬೇಕಿತ್ತು. ನಾನು ಅವರಿಗೇ ಕೇಳಿದೆ: "ಮೇಡಂ, ಇಷ್ಟೆಲ್ಲಾ ಚೀಟಿ ಬರದ ದಿನಾನ ಯಾಕ ಹೇಳ್ಲಿಲ್ಲ? ನೀವು ಬರದದ್ದು ಬರೀ ಎರಡು ಅಕ್ಷರ, ಎರಡು ಅಂಕಿ. ಅದು ಯಾಕ, ಏರಿದ್ರ ಏನು, ಇಳಿದ್ರ ಏನು ಅಂತ ಒಂದು ಮಾತು ಹೇಳಿದ್ರ ನಮ್ಮ ಮನ್ಯಾಗ ಎರಡು ದಿನ ಸೂತಕ ನಡೀತಿರಲಿಲ್ಲ."

ಪಕ್ಕದಲ್ಲಿ ನಿಂತಿದ್ದ ನರ್ಸ್ ನನ್ನನ್ನು ದುರುಗುಟ್ಟಿ ನೋಡಿದಳು. ಹೊರಗೆ ಕಾರಿಡಾರಿನ ತುಂಬ ಮಂದಿ ಸಾಲುಗಟ್ಟಿ ನಿಂತಿದ್ದರು. ಮೇಡಂ ಬಾಗಿಲ ಕಡೆ ಒಮ್ಮೆ ನೋಡಿ, "ಹೌದ್ರಿ, ಹೇಳ್ಬೇಕಿತ್ತು," ಎಂದರು. ಅವರಿಗಿಂತ ದೊಡ್ಡ ಕುರ್ಚಿಯ ಮೇಲೆ ಕುಳಿತವರ ಬಾಯಲ್ಲೂ ಈ ಮಾತನ್ನು ನಾನು ಕೇಳಿಲ್ಲ.

ಮುಂದಿನ ದಿನಗಳು ಕಠಿಣವಾಗಿದ್ದವು. ಎದೆ ಮತ್ತು ಹೊಟ್ಟೆಯ ಸ್ಕ್ಯಾನು ಕೊಪ್ಪಳದಲ್ಲಿಯೇ ಆಯಿತು. ಎಲುಬಿನ ಸ್ಕ್ಯಾನಿಗೆ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ಗದಗ ದಾಟುವವರೆಗೆ ಅಕ್ಕ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು: "ಖರೇನ ಹಬ್ಬಿತ್ತಂದ್ರ?"

ನಾನು ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟೆ.

"ಹಬ್ಬಿದ್ರೂ ಮೇಡಂ ಬಾಯಿಂದ ಕೇಳೂಣು," ಎಂದು ಅವಳೇ ಹೇಳಿದಳು. "ಅಕಿ ನನ್ನ ಕಣ್ಣು ನೋಡಿ ಮಾತಾಡ್ತಾಳ."

ಎಲ್ಲ ವರದಿಗಳು ಬಂದ ದಿನ ಮೇಡಂ ಒಂದೊಂದೇ ಚಿತ್ರವನ್ನು ತೋರಿಸಿ ಹೇಳಿದರು. ಪಿತ್ತಜನಕಾಂಗದಲ್ಲಿ ಗಡ್ಡೆ ಇಲ್ಲ, ಬಾವು ಇದೆ. ಶ್ವಾಸಕೋಶ ಸ್ವಚ್ಛ. ಎಲುಬಿನಲ್ಲಿ ಏನೂ ಇಲ್ಲ. ಕಂಕುಳಲ್ಲಿ ಮಾತ್ರ ಒಂದು ಗ್ರಂಥಿ ಸಂಶಯ ಬರುವಂತೆ ಕಾಣುತ್ತಿತ್ತು, ಅದನ್ನೂ ಆಪರೇಷನ್ನಿನಲ್ಲೇ ತೆಗೆಯುತ್ತೇನೆಂದರು. ಪಿತ್ತಜನಕಾಂಗ ಸುಧಾರಿಸಲು ಮೂರು ವಾರ ಕಾಯಬೇಕಾಯಿತು. ಮಾವ ಆ ದಿನ ವರದಿಗಳನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಈ ಸುದ್ದಿಗೆ ಯಾರಿಗೆ ಫೋನು ಮಾಡುತ್ತಾನೋ ನೋಡೋಣವೆಂದು ನಾನು ಕಾದೆ. ಅವನು ಯಾರಿಗೂ ಮಾಡಲಿಲ್ಲ. ಸಾವಿನ ಸುದ್ದಿ ಅರ್ಧ ದಿನದಲ್ಲಿ ಮೂರು ತಾಲೂಕು ಸುತ್ತಿತ್ತು. ಇದು ಭಾಗ್ಯನಗರ ದಾಟಲು ವಾರ ಹಿಡಿಯಿತು.

ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆ ಒಂದು ಸ್ತನವೂ ಹೋಯಿತು. ಕಂಕುಳಿನ ಆ ಒಂದು ಗ್ರಂಥಿಯಲ್ಲಿ ಕಾಯಿಲೆ ಇತ್ತು, ಉಳಿದವುಗಳಲ್ಲಿ ಇರಲಿಲ್ಲ. ಎರಡು ತಿಂಗಳ ಮೇಲೆ ಮತ್ತೆ ಅದೇ ರಕ್ತ ಪರೀಕ್ಷಿಸಿದಾಗ ಅಂಕಿ ಇಪ್ಪತ್ತರ ಹತ್ತಿರ ಇಳಿದಿತ್ತು. ಗಡ್ಡೆ ತೆಗೆದದ್ದಕ್ಕೆ ಇಳಿಯಿತೋ, ಕಾಮಾಲೆ ಪೂರ್ತಿ ಹೋದದ್ದಕ್ಕೆ ಇಳಿಯಿತೋ ಎಂದು ನಾನು ಕೇಳಿದೆ. ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದರು ಮೇಡಂ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಆ ಡಾಕ್ಟರ ಮೇಲೆ ನಮಗೆಲ್ಲ ನಂಬಿಕೆ ಕೂತದ್ದು ಹಾಗೆ.

ಕೀಮೊ ಶುರುವಾಗುವ ಮೊದಲು ಅಕ್ಕ ತನ್ನ ಜಡೆಯನ್ನು ತಾನೇ ಕತ್ತರಿಸಿಕೊಂಡಳು. ಸೊಂಟದವರೆಗಿನ ಜಡೆ, ನಾಲ್ಕೈದು ಬೆಳ್ಳಿ ಎಳೆ ಬಿಟ್ಟರೆ ಎಲ್ಲ ಕಪ್ಪು. ಅದನ್ನು ತೊಳೆದು ಒಣಗಿಸಿ, ಬೇರೆಯವರ ಕೂದಲಿನಂತೆಯೇ ವಿಂಗಡಿಸಿ, ಉದ್ದ ಕೂದಲಿನ ಕಟ್ಟುಗಳಲ್ಲಿ ಸೇರಿಸಿದಳು. ಮಗಳು ಅತ್ತಳು, ಇಟ್ಟುಕೊಳ್ಳೋಣ ಅಂದಳು.

"ಇಟ್ಟು ಪೂಜಿ ಮಾಡ್ತೀಯೇನು? ಉದುರಿ ಕಸದಾಗ ಹೋಗೂದ್ಕಿಂತ ಯಾವ ದೇಶದಾಗರ ಯಾರ ತಲಿ ಮ್ಯಾಲರ ಕುಂದರಲಿ," ಎಂದಳು ಅಕ್ಕ.

ದಸರಾ ರಜೆಯಲ್ಲಿ ನಾನೊಬ್ಬಳೇ ಗಂಗಾವತಿಗೆ ಹೋದೆ. ಮಾವನಿಗೆ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಆ ಡಾಕ್ಟರ ದವಾಖಾನೆಯಲ್ಲಿ ಚೀಟಿ ತೆಗೆದುಕೊಂಡು ಎಲ್ಲರಂತೆ ಪಾಳಿ ಕಾಯ್ದೆ. ಒಳಗೆ ಕರೆದಾಗ ಆ ವರದಿಯನ್ನು, ಅವರದೇ ಕೈಬರಹದ ಚೀಟಿಯನ್ನು, ಸ್ಕ್ಯಾನುಗಳನ್ನು ಮೇಜಿನ ಮೇಲೆ ಹರವಿದೆ. ಅವರಿಗೆ ನೆನಪಿರಲಿಲ್ಲ. ನೆನಪು ಮಾಡಿಕೊಟ್ಟೆ.

"ಹಬ್ಬಿರಬಹುದು, ಸ್ಕ್ಯಾನ್ ಮಾಡಿಸ್ರಿ ಅಂತ ಹೇಳಿರ್ತೀನ್ರಿ ನಾ," ಎಂದರು.

"ಇಲ್ಲಿ ನೀವು ಬರದದ್ದು 'ಹಬ್ಬಿದೆ' ಅಂತ. ಸ್ಕ್ಯಾನ್ ಅನ್ನೂ ಶಬ್ದ ಎಲ್ಲೈತಿ ತೋರಿಸ್ರಿ."

ಅವರು ಚೀಟಿಯನ್ನು ತಿರುಗಿಸಿ ನೋಡಿದರು, ಹಿಂದೆ ಏನಾದರೂ ಇರಬಹುದೆನ್ನುವಂತೆ. ಆಮೇಲೆ ಹಿಂದಕ್ಕೆ ಒರಗಿ ನಕ್ಕರು. "ಆರಾಮ ಅದಾರಲ್ಲ ಈಗ? ಸಂತೋಷ ಪಡ್ರಿ. ದೇವರು ದೊಡ್ಡಾಂವ."

ಆ ನಗು ನನಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. "ಆಪರೇಷನ್ ಮಾಡಿದಾಕಿ ಡಾಕ್ಟರ್ ರೀ. ದೇವರನ್ನ ನಡುವ ತರಬ್ಯಾಡ್ರಿ," ಎಂದೆ. "ನಿಮ್ಮ ಮಾತು ನಂಬಿ ನಮ್ಮ ಮಂದಿ ಜೀವಂತ ಇದ್ದಾಕಿ ಮುಂದ ಕುಂತು ಅತ್ತಾರ. ಓದೂ ಹುಡುಗಿ ಕೊರಳಾಗ ತಾಳಿ ಕಟ್ಟಾಕ ಹೊಂಟಿದ್ರು. ನಾ ಆ ಶನಿವಾರ ಊರಿಗೆ ಹೋಗದಿದ್ರ ಅಕಿ ಇನ್ನೂ ಮನ್ಯಾಗ ಬೇಕಾದ್ದು ಉಂಡುಕೋತ ಕುಂತಿರ್ತಿದ್ಲು, ಗಡ್ಡಿ ಬೆಳೀತಿತ್ತು. ಅಕಿನ್ನ ಒಳಗ ಕರದು ಒಂದ್ ಸಲ ನೋಡ್ಬೇಕು ಅಂತ ನಿಮಗ ಅನಸಲಿಲ್ಲೇನು?"

ಅವರ ಮುಖ ಕೆಂಪಾಯಿತು. ತಪ್ಪಾಯಿತು ಎನ್ನುತ್ತಾರೆಂದು ಒಂದು ಕ್ಷಣ ನನಗೆ ಅನಿಸಿತ್ತು. ಅವರು ಗಂಟೆ ಒತ್ತಿದರು. ಮುಂದಿನ ಪಾಳಿಯ ಹೆಸರು ಕೂಗಿದ್ದು ಕೇಳಿಸಿತು.

ಹೊರಗೆ ಬೆಂಚಿನ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಪರೀಕ್ಷಾಲಯದ ಲಕೋಟೆ ಹಿಡಿದುಕೊಂಡು ಕುಳಿತಿದ್ದಳು. ಅದರೊಳಗೆ ಏನಿತ್ತೋ ನನಗೆ ಗೊತ್ತಿಲ್ಲ. ಆದರೂ ಹತ್ತಿರ ಹೋಗಿ ಹೇಳಿದೆ: "ಯಕ್ಕಾ, ಒಳಗ ನಿನ್ನ ಮಂದಿ ಅಷ್ಟ ಹೋದ್ರ ಬಿಡಬ್ಯಾಡ. ನೀನೂ ಹೋಗು. ಮುಂದ ಯಾವ ಪರೀಕ್ಷಾ ಮಾಡಿಸಬೇಕು ಅಂತ ನೀನ ಕೇಳು." ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ಹೆಸರು ಕೂಗಿದಾಗ ಮಾತ್ರ ಗಂಡನ ಹಿಂದೆಯೇ ಎದ್ದು ಒಳಗೆ ಹೋದಳು.

ಈಗ ಎರಡು ವರ್ಷ ದಾಟಿದೆ. ಅಕ್ಕ ದಿನಾ ಮಾತ್ರೆ ನುಂಗುತ್ತಾಳೆ, ಹೇಳಿದ ದಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ಎಡಗೈ ಸ್ವಲ್ಪ ಬಾಯುತ್ತದೆ, ಭಾರ ಎತ್ತುವಂತಿಲ್ಲ. ಮುಂದೆ ಏನೂ ಆಗುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ, ಅವಳೂ ಕೇಳಿಲ್ಲ. ಮಗಳು ಡಿಗ್ರಿ ಮುಗಿಸಿ ಬಿಎಡ್ ಓದುತ್ತಿದ್ದಾಳೆ. ಗಂಡು ನೋಡುವ ಮಾತನ್ನು ಅಜ್ಜಿ ಮತ್ತೆ ಎತ್ತಿಲ್ಲ. ಮಾವ ಈಗ ಪ್ರತಿ ಚೀಟಿಯನ್ನೂ ಹಿಡಿದುಕೊಂಡು "ಇದು ಯಾಕ ಮೇಡಂ?" ಎಂದು ಕೇಳಿ ಅವರಿಗೆ ಬೇಸರ ಬರಿಸುತ್ತಾನಂತೆ.

ಅವನೊಂದಿಗೆ ನಾನು ಮೊದಲಿನಂತೆ ಮಾತಾಡಲಾರೆ. ಕಂಡರೆ ಆರಾಮ ಇದ್ದೀರೇನ್ರಿ ಎನ್ನುತ್ತೇನೆ, ಅಷ್ಟೇ. ಅಕ್ಕ ಅವನನ್ನು ಎಂದೋ ಕ್ಷಮಿಸಿದ್ದಾಳೆ. ಗಂಗಾವತಿಯ ಡಾಕ್ಟರನ್ನೂ ಮರೆತಿದ್ದಾಳೆ. ನಾನು ಆ ಮಾತು ತೆಗೆದಾಗಲೆಲ್ಲ ಅವಳಿಗೆ ರೇಗುತ್ತದೆ.

"ನೀ ಇನ್ನೂ ಅದನ್ನ ಹಿಡಕೊಂಡು ಕುಂತೀ ನೋಡು," ಎಂದಳು ಹೋದ ವಾರವೂ. "ಆ ಸಿಟ್ಟಿಂದ ನನಗೇನು ಬಂತು?"

ಬಹುಶಃ ಏನೂ ಬಂದಿಲ್ಲ. ಆದರೆ ಅಂಥ ಒಂದು ಹಾಳೆ ಹಿಡಿದುಕೊಂಡು ಯಾವ ಊರಿನ ಯಾವ ಬೆಂಚಿನ ಮೇಲೆ ಇವತ್ತು ಯಾರು ಕುಳಿತಿದ್ದಾರೋ ಎಂದು ನೆನೆದಾಗ ನನಗೆ ಶಾಂತವಾಗಿರಲು ಆಗುವುದಿಲ್ಲ. ಆಗಬೇಕೆಂಬ ಆಸೆಯೂ ಇಲ್ಲ.